ಜರ್ಮನಿಯಲ್ಲಿ ಹತ್ತಿರ ಯಾರು ಕೂಡುತ್ತಾರೆ?

ನಾನೂ ನನ್ನ ಹೆಂಡತಿ ಮಹಾದೇವಿಯೂ ಕಡೆಯ ಸಲ ಜಗಳವಾಡಿದ್ದು ಜರ್ಮನಿಯ ಸಲುವಾಗಿ. ರಬಕವಿಯಲ್ಲಿ ಎರಡು ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯ್ದು ಬದುಕಿದ ಗಂಡಹೆಂಡತಿಗೆ ಜಗಳಕ್ಕೆ ಹತ್ತಿರದ ವಿಷಯವೇ ಸಿಗಲಿಲ್ಲವೇ ಎಂದು ನೀವು ಕೇಳಬಹುದು. ಬೇಕಾದಷ್ಟಿದ್ದವು. ಆದರೆ ಅವತ್ತು ಮಧ್ಯಾಹ್ನ ಕರೆಂಟ್ ಹೋಗಿ ಮಗ್ಗಗಳು ನಿಂತಿದ್ದವು. ಮಗ್ಗ ನಿಂತರೆ ನಮ್ಮ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತದೆ. ಕೇಳಿಸಿದರೆ ಜಗಳವಾಗುತ್ತದೆ.

ಜರ್ಮನಿ ನಮ್ಮ ಮನೆಗೆ ಬಂದದ್ದು ಬಸವರಾಜನ ಮೋಟರ್ ಸೈಕಲ್ ಮೇಲೆ. ಚಿಮ್ಮಡದ ಈ ಬಸವರಾಜ ದೂರದ ಸಂಬಂಧದಲ್ಲಿ ನನಗೆ ಅಣ್ಣನ ಮಗ, ವಿಮೆ ಏಜೆಂಟ್. ಕೆಲವು ವರ್ಷಗಳ ಹಿಂದೆ ನಮ್ಮಿಬ್ಬರಿಗೂ ಸೇರಿಸಿ ಆರೋಗ್ಯ ವಿಮೆ ಮಾಡಿಸುವಾಗ, "ಕಾಕಾ, ಜರ್ಮನಿಯೊಳಗ ವಿಮಾ ಇಲ್ಲದ ಮನಶ್ಯಾನ ಸಿಗೂದಿಲ್ರಿ" ಎಂದಿದ್ದ. ಮಹಾದೇವಿ ಅವನು ಕೊಟ್ಟ ಕಾಗದವನ್ನು ಓದುವ ಮೊದಲು ತಿರುವಿ ಹಾಕಿದಳು. ಸೀರೆಯನ್ನೂ ಅವಳು ನೋಡುತ್ತಿದ್ದುದು ಹಾಗೆಯೇ. "ಮುಂದಿನ ಮಗ್ಗಲಾ ಎಲ್ಲಾರೂ ಛಲೋನ ನೇಯ್ತಾರ. ದಾರ ಎಲ್ಲಿ ಕಡದಾರ ಅನ್ನೂದು ಹಿಂದ ಕಾಣತೈತಿ" ಎನ್ನುವಳು. ಕಾಗದದ ಹಿಂದಿನ ಮಗ್ಗಲಲ್ಲಿ ಯಾವ ಯಾವ ಕಾಯಿಲೆಗೆ ಎಷ್ಟೆಷ್ಟು ಕಾಲ ಕಾಯಬೇಕು ಎಂದು ಬರೆದಿತ್ತು. "ಬಸೂ, ಇವರೇನೋ ಕಾಯರಿ ಅಂತಾರ. ಬ್ಯಾನಿ ಕಾಯತೈತೇನೋ?" ಎಂದು ಕೇಳಿದಳು. ಬಸವರಾಜ, "ಚಿಗವ್ವ, ನೀವು ಒಂದ ಕಪ್ ಚಹಾ ಮಾಡ್ರಿ" ಎಂದ.

ಆ ಪಟ್ಟಿಯಲ್ಲಿ ಹರ್ನಿಯಾವೂ ಇತ್ತು. ಮುಂದೆ ನನಗೆ ಬಂದದ್ದೂ ಅದೇ. ಆಪರೇಷನ್ ಎಂದರೆ ನನಗೆ ಮೊದಲಿನಿಂದಲೂ ಹೆದರಿಕೆ. ಆದ್ದರಿಂದ ವಿಮೆಯವರು ಕಾಯಿರಿ ಎಂದದ್ದು ನನಗಂತೂ ಬಹಳ ಒಳ್ಳೆಯ ಕರಾರು ಎನಿಸಿತ್ತು. ಆದರೆ ಎಂಥ ಒಳ್ಳೆಯ ಕರಾರೂ ಒಂದು ದಿನ ಮುಗಿಯುತ್ತದೆ. ಅವಧಿ ತೀರಿತು, ಜಮಖಂಡಿಯ ಡಾಕ್ಟರು ಇನ್ನು ತಡ ಮಾಡಬೇಡಿ ಎಂದರು. ನೆಪಕ್ಕೆ ಊರಲ್ಲಿ ಏನೂ ಉಳಿಯದಿದ್ದಾಗ ನಾನು ಪರದೇಶಗಳ ಕಡೆ ತಿರುಗಿದೆ. ಬೇರೆ ದೇಶಗಳಲ್ಲಿ ವಿಮೆ ಹೇಗಿದೆ ಎಂದು ನೋಡದೆ ಇಲ್ಲಿಯದನ್ನು ನಂಬುವುದು ಹೇಗೆ ಎನ್ನುತ್ತ ಮೊಬೈಲ್ ಹಿಡಿದು ಕುಳಿತೆ.

ಇಂಗ್ಲೆಂಡಿನಲ್ಲಿ ಸರಕಾರಿ ದವಾಖಾನೆಗೆ ಬಿಲ್ಲೇ ಇಲ್ಲ, ತೆರಿಗೆಯಲ್ಲೇ ಎಲ್ಲ ಮುಗಿಯುತ್ತದೆ. ಆದರೆ ಹರ್ನಿಯಾದಂಥದ್ದಕ್ಕೆ ತಿಂಗಳುಗಟ್ಟಲೆ ಪಾಳಿ. ಆ ಪದ್ಧತಿ ನನಗೆ ಬಹಳ ಹಿಡಿಸಿತು. ಮಹಾದೇವಿ ಮಾತ್ರ, "ಕಾಯೂದನ್ನ ನೀವು ಇಲ್ಲೇ ಮಾಡಾಕತ್ತೀರಲ್ಲ, ಅದಕ್ಕ ಅಲ್ಲೀತನಕ ಯಾಕ?" ಎಂದಳು. ಜಪಾನಿನಲ್ಲಿ ಬಿಲ್ಲಿನ ಒಂದು ಪಾಲನ್ನು ರೋಗಿಯೇ ಕೊಡಬೇಕು ಎಂದೆ. "ಪಾಲು ಕೇಳತಾರಂದ್ರ ಖರೆ ಮಂದಿ. ಪುಕಟ ಅನ್ನಾವರನ್ನ ನಂಬಬಾರದು" ಎಂದು ಜಪಾನಿಗೆ ಅರ್ಧ ಒಪ್ಪಿಗೆ ಕೊಟ್ಟಳು. ಅಮೆರಿಕದಲ್ಲಿ ಬಹಳ ಮಂದಿಗೆ ವಿಮೆ ಬರುವುದು ನೌಕರಿಯ ಜೊತೆಗೆ ಎಂದಾಗ, "ನೌಕರಿ ಬಿಟ್ಟ ದಿನಾನ ಜಡ್ಡಾದ್ರ?" ಎಂದಳು. ನಾನು ಅಮೆರಿಕ ಬಿಟ್ಟು ಮುಂದೆ ಹೋದೆ. ಕೊನೆಗೆ ಜರ್ಮನಿ. ಅಲ್ಲಿ ಪಗಾರದಲ್ಲೇ ವಿಮೆ ಮುರಿದುಕೊಳ್ಳುತ್ತಾರೆ, ಮಾಲೀಕನೂ ತನ್ನ ಪಾಲು ಹಾಕುತ್ತಾನೆ. ಅವಳು ಜರ್ಮನಿಯನ್ನು ಹಿಂದೆ ಮುಂದೆ ತಿರುವಿ ನೋಡಿದಳು. ಕಡಿದ ದಾರ ಎಲ್ಲೂ ಕಾಣಲಿಲ್ಲ. ನಾನು ಗೆದ್ದೆನೆಂದುಕೊಳ್ಳುವಷ್ಟರಲ್ಲಿ ಕೇಳಿದಳು: "ಅದೆಲ್ಲಾ ಇರ್ಲಿ. ಅಲ್ಲಿ ಪೇಶಂಟಿನ ಬಾಜೂಕ ಯಾರ ಕೂಡ್ತಾರ?"

ಈ ಪ್ರಶ್ನೆ ಕೇಳುವ ಹಕ್ಕು ಅವಳಿಗಿತ್ತು. ನಮ್ಮ ಓಣಿಯಲ್ಲಿ ಯಾರು ದವಾಖಾನೆ ಸೇರಿದರೂ ಹತ್ತಿರ ಕೂಡಲು ಹೋಗುವವಳು ಅವಳೇ. ಕೈಚೀಲದಲ್ಲಿ ರೊಟ್ಟಿ, ಶೇಂಗಾ ಹಿಂಡಿ, ಒಂದು ತಂಬಿಗೆ, ಒಂದು ಚಾದರ. ಹೋಗಿ ಕುಳಿತಳೆಂದರೆ ಒಲೆಯ ಮೇಲಿನ ಹಾಲು ಕಾಯುವವಳಂತೆ ಸಲೈನ್ ಬಾಟಲಿ ಕಾಯುವಳು. ಗುಳಿಗೆಯ ಬಣ್ಣ ನಿನ್ನೆಯದಕ್ಕಿಂತ ಬೇರೆಯಾದರೆ ನರ್ಸನ್ನು ಕರೆಸುವಳು. ಡಾಕ್ಟರಿಗೆ, "ಕೈ ತೊಳಕೊಂಡೀರೇನ್ರಿ?" ಎಂದು ನಗುನಗುತ್ತಲೇ ಕೇಳುವಳು. ಪಕ್ಕದ ಮನೆಯ ಕಲ್ಲಪ್ಪ ಮುಧೋಳದಲ್ಲಿ ಅಡ್ಮಿಟ್ ಆಗಿದ್ದಾಗ ಎರಡನೆಯ ದಿನವೇ ಡಾಕ್ಟರ ಕೈ ಹಿಡಿದು, "ನನಗ ಪೂರಾ ಆರಾಮ ಆಗೇತ್ರಿ, ಮನಿಗೆ ಕಳಸ್ರಿ. ಉಸರಾಡ್ಯಾನೋ ಇಲ್ಲೋ ಅಂತ ನೋಡಾಕ ಮಾದೇವಕ್ಕ ಗಳಿಗಿಗೊಮ್ಮೆ ಎಬ್ಬಸ್ತಾಳ್ರಿ" ಎಂದು ಬೇಡಿಕೊಂಡಿದ್ದನಂತೆ.

ಜರ್ಮನಿಯಲ್ಲಿ ಯಾರೂ ಕೂಡುವುದಿಲ್ಲ, ಎಲ್ಲವನ್ನೂ ನರ್ಸುಗಳೇ ನೋಡಿಕೊಳ್ಳುತ್ತಾರೆ, ಭೇಟಿಯ ವೇಳೆ ಮುಗಿದರೆ ಮನೆಯವರು ಹೊರಡಬೇಕು ಎಂದೆ. "ಅದು ದವಾಖಾನಿ ಅಲ್ಲ, ಜೇಲ" ಎಂದಳು. ಶಿಸ್ತು ಎಂದರೆ ಹಾಗಿರಬೇಕು ಎಂದು ನಾನು. ಮಾತು ಏರಿತು. "ಆಪರೇಷನ್ ತಪ್ಪಸಾಕ ಊರಾಗ ಜಾಗಾ ಸಿಗಲಿಲ್ಲಂತ ಜರ್ಮನಿಗೆ ಓಡೀರಿ. ನನಗ ತಿಳಿಯೂದಿಲ್ಲೇನ? ನಾಳೆ ಜಮಖಂಡಿಗೆ ನಡೀರಿ. ಬಾಜೂಕ ನಾ ಕೂಡ್ತೇನಿ" ಎಂದಳು. ಕರೆಂಟ್ ಬಂತು. ಮಗ್ಗದ ಸದ್ದಿನಲ್ಲಿ ನಾನು ಇನ್ನೂ ಏನೋ ಅಂದೆ, ಅವಳಿಗೆ ಕೇಳಿಸಲಿಲ್ಲ.

ಮರುದಿನ ಬೆಳಗ್ಗೆ ಕೈಚೀಲ ತುಂಬಿಟ್ಟು ಚಹಾ ಸೋಸುತ್ತಿದ್ದವಳು ಎದೆ ಒತ್ತಿಕೊಂಡು ಗೋಡೆಗೆ ಒರಗಿ ಕುಳಿತಳು. ಆಟೋ ಬನಹಟ್ಟಿಯ ದವಾಖಾನೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಅಷ್ಟು ಮಂದಿಯ ಹತ್ತಿರ ಕುಳಿತವಳು, ತನ್ನ ಹತ್ತಿರ ಕೂಡಲು ನನಗೆ ಒಂದು ದಿನವನ್ನೂ ಕೊಡಲಿಲ್ಲ. ಅಡ್ಮಿಟ್ ಆಗಲಿಲ್ಲವಾದ್ದರಿಂದ ವಿಮೆಯವರಿಗೂ ಖರ್ಚಿಲ್ಲ. ಅಷ್ಟು ವರ್ಷ ಅವರ ಮೇಲೆ ಕಣ್ಣಿಟ್ಟವಳು ಅವರಿಗೆ ಹೀಗೆ ಸುಲಭವಾಗಿ ಬಿಟ್ಟುಕೊಟ್ಟದ್ದು ಹೇಗೆ ಎಂದು ನನಗೆ ಇಂದಿಗೂ ಅನುಮಾನ.

ಮುಂದಿನ ಚಳಿಗಾಲದಲ್ಲಿ ನೋವು ತಡೆಯಲಾಗದೆ ನಾನೇ ಜಮಖಂಡಿಗೆ ಹೋಗಿ ಮಲಗಿದೆ. ಬಸವರಾಜ ಓಡಾಡಿದ, ವಿಮೆಯವರು ಅವತ್ತೇ ಒಪ್ಪಿಗೆ ಕೊಟ್ಟರು. ಇಷ್ಟು ಸರಳವಾಗಿ ಆಯಿತೆಂದರೆ ಏನೋ ಇರಬೇಕೆಂದು ಒಪ್ಪಿಗೆಯ ಕಾಗದವನ್ನು ತಿರುವಿ ನೋಡಿದೆ. ಹಿಂದಿನ ಮಗ್ಗಲು ಖಾಲಿ ಇತ್ತು. ನರ್ಸ್ ಬಂದು, "ಬಾಜೂಕ ಯಾರ ಇರ್ತಾರ್ರಿ ಅಜ್ಜಾರ?" ಎಂದಳು. ನಮಗೆ ಮಕ್ಕಳಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಕಲ್ಲಪ್ಪ ಚೀಲ ಹಿಡಿದು ಬಂದೇಬಿಟ್ಟ. "ಮಾದೇವಕ್ಕನ ಋಣ ಐತಿ" ಎಂದು ಕುರ್ಚಿ ಎಳೆದುಕೊಂಡ. ಒಳ್ಳೆಯ ಮನುಷ್ಯ. ಆದರೆ ಗುಳಿಗೆಯ ಬಣ್ಣ ಕೇಳಿದರೆ, "ಅವರಿಗೆ ಗೊತ್ತಿರತೈತಿ ಬಿಡೋ" ಎನ್ನುವನು. ಆಪರೇಷನ್ ಆದ ಮಧ್ಯಾಹ್ನ ನನಗಿಂತ ಮೊದಲು ಅವನಿಗೇ ನಿದ್ದೆ ಹತ್ತಿತು. ನನಗೆ ಎಚ್ಚರವಾದಾಗ ಸಲೈನ್ ಹನಿ ನಿಂತಿತ್ತು. ದವಾಖಾನೆಯವರು ಸಿಕ್ಕಿಬಿದ್ದರು ಎಂದುಕೊಂಡು, ಮಹಾದೇವಿಯ ದನಿಯಲ್ಲೇ ಕೂಗಿದೆ: "ಏನ ಬೇ ತಂಗಿ, ಈ ಬಾಟ್ಲಿ ಯಾಕ ನಿಂತೈತಿ?"

"ಅದು ಮುಗದು ತಾಸಾತ್ರಿ ಅಜ್ಜಾರ. ಸೂಜೀನೂ ತಗದೇನಿ. ಕೈ ನೋಡ್ಕೋರಿ."

ನೋಡಿಕೊಂಡೆ. ಕೈ ಮೇಲೆ ಹತ್ತಿ ಮತ್ತು ಪಟ್ಟಿ ಇದ್ದವು. ಕಲ್ಲಪ್ಪ ಅರ್ಧ ಕಣ್ಣು ತೆರೆದು, "ಎಲ್ಲಾ ಛಲೋ ಐತೋ, ಮಲಕೋ" ಎಂದು ಮತ್ತೆ ಮಲಗಿದ.

ಅವನು ಹೇಳಿದ್ದು ಖರೆ. ಎಲ್ಲ ಛಲೋ ಆಗಿದೆ. ಹೊಲಿಗೆ ಮಾಗಿದೆ, ಬಿಲ್ಲನ್ನು ವಿಮೆಯವರೇ ಕಟ್ಟಿದ್ದಾರೆ. ನನ್ನ ಸಲುವಾಗಿ ಅನುಮಾನಪಡುವವಳು ಮಾತ್ರ ಇಲ್ಲ.