ಮುರ್ತುಜಾಸಾಬರ ವೆಬ್‌ಸೈಟು

ಗಂಗಾವತಿಗೆ ಫ್ಲೆಕ್ಸ್ ಮಷೀನು ಬಂದಿದ್ದೇ ಬಂದಿದ್ದು, ಪೇಂಟರ್ ಮುರ್ತುಜಾಸಾಬರ ಏಣಿಯ ಕೆಳಗೆ ನಿಲ್ಲುವವರೇ ಇಲ್ಲದಂತಾಯಿತು. ಮೊದಲು ಹಾಗಿರಲಿಲ್ಲ ನೋಡಿ. ಅವರು ಏಣಿ ಹತ್ತಿ ಅಂಗಡಿಯ ಬೋರ್ಡಿಗೆ ಬ್ರಶ್ ತಾಗಿಸಿದರೆ ಸಾಕು, ಕೆಳಗೆ ಜನ ಕತ್ತೆತ್ತಿ ನಿಲ್ಲುತ್ತಿದ್ದರು. "ಸಾಬ್ರ, ಅಕ್ಷರ ಸೊಟ್ಟಾತು!" ಎಂದು ಒಬ್ಬ, "ಬಣ್ಣ ಇನ್ನಷ್ಟ ಕೆಂಪ ಇರ್ಲಿ" ಎಂದು ಇನ್ನೊಬ್ಬ. ಸಾಬರು ಮೇಲಿನಿಂದಲೇ ಬೈಯುತ್ತಿದ್ದರು. ಬೈಯಲಿಕ್ಕೆ ಜನ ಇರುವುದೂ ಒಂದು ಭಾಗ್ಯ ಅಂತ ಆಗ ಅವರಿಗೆ ಗೊತ್ತಿರಲಿಲ್ಲ.

ಈಗ ಹೆಂಡತಿ ಇಲ್ಲ. ಏಣಿ ಹಿತ್ತಲಲ್ಲಿ ಅವರೆ ಬಳ್ಳಿ ಹೊತ್ತು ನಿಂತಿದೆ. ಸಾಬರು ಮನೆಯಲ್ಲೇ ಕೂತು ಸಾಣಾಪುರದ ಕೆರೆ, ಬಂಡೆಗಲ್ಲು, ಸಿದ್ದಾಪುರದ ಭತ್ತದ ಗದ್ದೆ ಬರೆಯುತ್ತಾರೆ, ಬರೆದದ್ದನ್ನು ತಾವೇ ನೋಡುತ್ತಾರೆ. ಯಾರಾದರೂ ಮನೆಗೆ ಬಂದು ಚಿತ್ರದ ಮುಂದೆ ನಿಂತು ಏನಾದರೂ ಅನ್ನಲಿ, ಸೊಟ್ಟಾಗಿದೆ ಅಂದರೂ ಸರಿ. ಆಸೆ ಅಷ್ಟೇ.

ಇದನ್ನು ಮೊಬೈಲ್ ಅಂಗಡಿಯ ದ್ಯಾಮಣ್ಣನ ಮುಂದೆ ಬಾಯಿ ಬಿಟ್ಟದ್ದೇ ತಪ್ಪಾಯಿತು.

"ಸಾಬ್ರ, ನಿಮಗೊಂದು ವೆಬ್‌ಸೈಟ್ ಬೇಕ್ರಿ! ಊರಿಗೂರ ನಿಮ್ಮ ಚಿತ್ರ ನೋಡ್ತದ" ಎಂದವನೇ ರವಿವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಹಾಜರಾದ. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಪಕ್ಕದ ಮನೆಯ ಅತೀಯಾ ಸದ್ದು ಕೇಳಿ ಬಂದಳು. ಎದುರು ಮನೆಯ ಟೇಲರ್ ಫಕೀರಮ್ಮ ಯಾರೂ ಕರೆಯದೆ ಬಂದಳು.

"ರೆಡಿಮೇಡ್ ಸಿಗ್ತಾವ್ರಿ. ಚಿತ್ರ ಹಚ್ಚಿದ್ರ ಮುಗೀತು" ಎಂದ ದ್ಯಾಮಣ್ಣ.

"ಬ್ಯಾಡ ಚಾಚಾ. ಎಲ್ಲಾರ್ದೂ ಒಂದ ನಮೂನಿ ಇರ್ತದ. ನಾ ಮೊದ್ಲಿಂದ ಬರದು ಕೊಡ್ತೀನಿ" ಎಂದಳು ಅತೀಯಾ.

"ಹೌದ ಮತ್ತ! ರೆಡಿಮೇಡ್ ಜಂಪರ್ ಯಾರ ಮೈಗೆ ಸರಿಯಾಗಿ ಕುಂತೈತಿ?" ಫಕೀರಮ್ಮ ಬಾಯಿ ಹಾಕಿದಳು.

"ಹೊಲಿಯಾಕ ನಿಮ್ಮ ಕೈಯಾಗ ಕೊಟ್ರ ಹಬ್ಬ ಮುಗಿದ ಮ್ಯಾಲ ಬರ್ತದ ಬಿಡ್ರಿ!" ಎಂದ ದ್ಯಾಮಣ್ಣ.

ಜಗಳ ಹತ್ತಿಕೊಂಡಿತು. ಸಾಬರಿಗೆ ಒಂದಕ್ಷರ ತಿಳಿಯಲಿಲ್ಲ. ಅವರದು ಗುಂಡಿ ಒತ್ತುವ ಹಳೇ ಫೋನು, ಅದರಲ್ಲಿ ವೆಬ್‌ಸೈಟು ಕಾಣುವುದೇ ಇಲ್ಲ. ಆದರೆ ಮನೆಯಲ್ಲಿ ಇಷ್ಟು ಗದ್ದಲ ಎದ್ದು ಎಷ್ಟು ಕಾಲವಾಗಿತ್ತು! ಚಹಾ ಇಟ್ಟರು. ಜಗಳ ತಣ್ಣಗಾಗುತ್ತಿದೆ ಅನಿಸಿದಾಗ ಲ್ಯಾಪ್‌ಟಾಪಿನೊಳಗೆ ಇಣುಕಿ, "ಆ ಹಸರು ಯಾಕೋ ಸರಿ ಇಲ್ಲಪಾ" ಎಂದು ತಾವೇ ಕಡ್ಡಿ ಆಡಿಸಿ ಮತ್ತೆ ಚಹಾ ಇಟ್ಟರು. ಮಧ್ಯಾಹ್ನ ಮಂಡಕ್ಕಿ, ಮಿರ್ಚಿ ತರಿಸಿದರು. ಈ ವೆಬ್‌ಸೈಟು ಆರು ತಿಂಗಳು ಮುಗಿಯದಿರಲಿ ಅಲ್ಲಾ, ಎಂದು ಮನಸ್ಸಿನಲ್ಲೇ ಬೇಡಿಕೊಂಡರು.

ಎಲ್ಲಿ ಬಂತು! ದ್ಯಾಮಣ್ಣನ ರೆಡಿಮೇಡನ್ನೇ ಅತೀಯಾ ಅಲ್ಲಿಷ್ಟು ಇಲ್ಲಿಷ್ಟು ತಿದ್ದಿ, ಇಳಿಹೊತ್ತಿಗೆ ಇಬ್ಬರೂ ರಾಜಿಯಾದರು. ಎಲ್ಲ ಚಿತ್ರಗಳ ಮುಂದೆ ನಿಂತು ಪಟಪಟ ಫೋಟೋ ಹೊಡೆದರು. ನಿಂತರು ನಿಜ, ಕಣ್ಣು ಮಾತ್ರ ಮೊಬೈಲಿನಲ್ಲೇ ಇತ್ತು.

"ಆತು ನೋಡ್ರಿ ಸಾಬ್ರ!" ಎಂದ ದ್ಯಾಮಣ್ಣ.

"ಇನ್ನೊಂದೀಟು ಕೂಡ್ರಿ. ಒಳಗ ಕೆರಿದು ದೊಡ್ಡ ಚಿತ್ರ ಐತಿ, ಒಮ್ಮೆ ಕಣ್ಣಾರೆ ನೋಡ್ರಿ."

"ಮನ್ಯಾಗ ಕುಂತ ಮೊಬೈಲ್‌ನ್ಯಾಗ ನೋಡ್ತೀನಿ ಬಿಡೋ ಯಪ್ಪಾ. ಅದಕ್ಕ ಅಲ್ಲೇನು ಇಷ್ಟೆಲ್ಲಾ ಒದ್ದಾಡಿದ್ದು?" ಎಂದು ಫಕೀರಮ್ಮ ಚಪ್ಪಲಿ ಮೆಟ್ಟಿದಳು. ಅವಳ ಹಿಂದೆ ಉಳಿದಿಬ್ಬರೂ ಹೋದರು.

ಸಾಬರು ಖಾಲಿ ಕಪ್ಪುಗಳನ್ನು ತೊಳೆಯುತ್ತಿದ್ದಾಗ ಫೋನು ಬಡಿದುಕೊಂಡಿತು. ಕುಷ್ಟಗಿಯ ಅಕ್ಬರ, ಒಂದೇ ಏಣಿ ಹಂಚಿಕೊಂಡು ಬೋರ್ಡು ಬರೆದ ಹಳೇ ದೋಸ್ತ.

"ಮುರ್ತುಜಾ, ಚಿತ್ರ ಭಾಳ ಛಲೋ ಅದಾವಪಾ! ಈ ವಾರ ನಿನ್ನ ಮನಿಗೆ ನೋಡಾಕ ಬರೂದಿತ್ತು. ದ್ಯಾಮಣ್ಣ ನಿನ್ನ ವೆಬ್‌ಸೈಟ್ ಮೊಬೈಲಿಗೆ ಕಳಿಸಿದ, ಎಲ್ಲಾ ಅದರಾಗ ನೋಡಿದೆ. ಬಸ್ ಹತ್ತೂದು ತಪ್ಪಿತು ನೋಡು!"

ಸಾಬರು ಫೋನು ಕೆಳಗಿಟ್ಟರು. ಹಾಳು ವೆಬ್‌ಸೈಟು, ಬರುವವನನ್ನೂ ತಡೆಯಿತಲ್ಲ! ಉಳಿದ ಕಪ್ಪುಗಳನ್ನು ತೊಳೆದು ಬೋರಲು ಹಾಕಿದರು. ಆಮೇಲೆ ಒಂದು ಉಪಾಯ ಹೊಳೆಯಿತು. ಒಲೆಯ ಮೇಲೆ ನಾಲ್ಕು ಕಪ್ಪಿಗಾಗುವಷ್ಟು ಚಹಾಕ್ಕೆ ನೀರಿಟ್ಟು ದ್ಯಾಮಣ್ಣನಿಗೆ ಫೋನು ಹಚ್ಚಿದರು.

"ದ್ಯಾಮಣ್ಣ, ವೆಬ್‌ಸೈಟ್ ಕೆಟ್ಟೈತಿ. ಅತೀಯಾನ್ನೂ ಕರಕೊಂಡ ಲಗೂನ ಬಾ."

"ನಿಮ್ಮ ಫೋನ್‌ನ್ಯಾಗ ಅದು ಕಾಣೂದ ಇಲ್ಲಲ್ರಿ! ಕೆಟ್ಟದ್ದು ಹೆಂಗ ಗೊತ್ತಾತು?"

"ಯಾರೋ... ಅಂದ್ರಪಾ."

"ತಡೀರಿ, ನೋಡ್ತೀನಿ." ಆ ಕಡೆ ಟಕಟಕ ಸದ್ದು. "ಏನೂ ಆಗಿಲ್ಲ, ಛಲೋ ಐತ್ರಿ. ಮುಂದ ಕೆಟ್ಟರೂ ಚಿಂತಿ ಬ್ಯಾಡ. ಇಲ್ಲೇ ಕುಂತ ರಿಪೇರಿ ಮಾಡ್ತೀನಿ. ಇನ್ನ ನಿಮ್ಮ ಮನಿತನಕ ಬರೂ ಕೆಲಸಾನ ಇಲ್ಲ!"

ಒಲೆಯ ಮೇಲೆ ನೀರು ಕುದಿಯಿತು. ಸಾಬರು ಒಂದು ಕಪ್ಪಿನಷ್ಟು ಉಳಿಸಿಕೊಂಡು, ಮಿಕ್ಕಿದ್ದನ್ನು ಅವರೆ ಬಳ್ಳಿಯ ಬುಡಕ್ಕೆ ಸುರಿಯಲು ತಣ್ಣಗಾಗಲೆಂದು ಪಕ್ಕಕ್ಕೆ ಇಟ್ಟರು.