ಚಲುವಯ್ಯನವರ ಟೋನರ್ ಪ್ರಕರಣ

"ಒಂದೇ ತಿಂಗಳು! ಈ ಮುಖದಿಂದ ಹತ್ತು ವರ್ಷ ಕಿತ್ತು ಬಿಸಾಕ್ಲಿಲ್ಲ ಅಂದ್ರೆ ನನ್ನ ಹೆಸರು ಚಲುವಯ್ಯನೇ ಅಲ್ಲ!"

ನಂಜನಗೂಡಿನ ತಮ್ಮ ಮನೆಯ ಹಜಾರದಲ್ಲಿ, ಬನಿಯನ್-ಲುಂಗಿಯಲ್ಲಿ ನಿಂತು ಐವತ್ತೊಂದು ವರ್ಷದ ಚಲುವಯ್ಯನವರು ಈ ಘೋಷಣೆ ಹೊರಡಿಸಿದಾಗ ಎದುರಿಗಿದ್ದದ್ದು ಒಂದು ಕನ್ನಡಿ ಮತ್ತು ಅವರ ಹೆಂಡತಿ ಮುದ್ದಮ್ಮ. ಕನ್ನಡಿ ಏನೂ ಹೇಳಲಿಲ್ಲ. ಮುದ್ದಮ್ಮ ಮಾತ್ರ ಹೊಲಿಗೆ ಮಿಷನ್ನು ತುಳಿಯುವುದನ್ನು ನಿಲ್ಲಿಸದೆಯೇ ಕೇಳಿದರು:

"ಕಿತ್ತ ಮೇಲೆ ಒಳಗಿಂದ ಇನ್ನೂ ಹಳೇದು ಬಂದ್ರೆ ಏನ್ ಮಾಡೀರಿ?"

ಈ ವೈರಾಗ್ಯಕ್ಕೆ, ಅಲ್ಲ, ಈ ವ್ಯಾಮೋಹಕ್ಕೆ ಕಾರಣ ಒಂದು ಯಂತ್ರ. ಚಲುವಯ್ಯನವರು ತಿ. ನರಸೀಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಯಾವ ಇಲಾಖೆ ಎಂದು ಕೇಳಬೇಡಿ, ಅರ್ಜಿ ಕೊಟ್ಟು ಅಲೆದವರಿಗೆ ಗೊತ್ತೇ ಇರುತ್ತದೆ. ಅಲ್ಲಿ ಹೊಸದಾಗಿ ಮುಖ ನೋಡಿ ಹಾಜರಿ ಹಾಕುವ ಯಂತ್ರ ಬಂತು. ಎದುರು ನಿಂತರೆ ಸಾಕು, ಗೋಡೆಯ ದೊಡ್ಡ ಪರದೆಯ ಮೇಲೆ ನಿಮ್ಮ ಫೋಟೋ, ಕೆಳಗೆ ಹೆಸರು. ಫೋಟೋ ನೋಡಿದರೆ ಮಳೆಯಲ್ಲಿ ನೆನೆದು ಒಣಗಿದ ಹಳೇ ಪಹಣಿಯಂತಿತ್ತು. ಕೆಳಗೆ ದಪ್ಪಕ್ಷರದಲ್ಲಿ 'ಚಲುವಯ್ಯ'! ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಸಾಲಿನಲ್ಲಿ ನಿಂತವರೆಲ್ಲ ಫೋಟೋ ನೋಡುವುದು, ಹೆಸರು ಓದುವುದು, ಕೆಮ್ಮುವುದು. ಎಷ್ಟು ದಿನ ಸಹಿಸಿಯಾರು?

ಹಾಗಾಗಿ ಒಂದು ಭಾನುವಾರ, ಮುಖಕ್ಕೆ ಹಚ್ಚುವ ಟೋನರ್ ತರಲು ಪೇಟೆಯ ಫ್ಯಾನ್ಸಿ ಸ್ಟೋರಿಗೆ ಹೋದರು. ಅಂಗಡಿಯ ಮಾಲೀಕ ರಾಹುಲ್ ಗೌರವದಿಂದಲೇ ವಿಚಾರಿಸಿದ.

"ಟೋನರಾ ಸಾ? ಮನೆಯವ್ರಿಗಾ?"

"ನನಗೇ ಕಣಯ್ಯ."

"ನಿಮ್ದು ಆಯ್ಲಿ ಸ್ಕಿನ್ನಾ, ಡ್ರೈ ಸ್ಕಿನ್ನಾ?"

"ಗವರ್ಮೆಂಟ್ ಸ್ಕಿನ್ನು. ಏನಂದ್ರೂ ಒಳಗೆ ಇಳಿಯಲ್ಲ. ಸ್ಟ್ರಾಂಗಾಗಿರೋದು ಕೊಡು."

ರಾಹುಲ್ ಗುಲಾಬಿ ನೀರಿನ ಬಾಟಲಿಯೊಂದನ್ನು ಮುಂದಿಟ್ಟ. "ಇದು ತಂಪು ಸಾ. ಮುಖ ತೊಳ್ಕೊಂಡು ಹಚ್ಕೊಂಡ್ರೆ ಆಯ್ತು. ನಿಮಗೆ ಇದು ಸಾಕು." ಚಲುವಯ್ಯನವರ ಕಣ್ಣು ಆಗಲೇ ಮೇಲಿನ ಶೆಲ್ಫಿನ ಕಪ್ಪು ಬಾಟಲಿಯ ಮೇಲೆ ಬಿದ್ದಿತ್ತು.

"ಅದು ಆಸಿಡ್ ಟೋನರು ಸಾ. ಹಳೇ ಚರ್ಮ ಎತ್ತಾಕುತ್ತೆ. ವಾರಕ್ಕೆ ಎರಡೇ ಸಲ, ಮಲಗೋ ಮುಂಚೆ. ಹತ್ತಿಗೆ ನಾಲ್ಕೇ ಹನಿ. ಹಚ್ಚಿದ ಮೇಲೆ ಬಿಸ್ಲಿಗೆ ಮುಖ ಕೊಡಂಗಿಲ್ಲ."

"ಹಳೇದು ಎತ್ತಾಕೋದೇ ತಾನೇ ನನಗೆ ಬೇಕಿರೋದು! ಕೊಡು ಇಲ್ಲಿ."

ಮನೆಗೆ ಬರುವ ದಾರಿಯಲ್ಲಿ ಲೆಕ್ಕ ಹಾಕಿದರು. ವಾರಕ್ಕೆ ಎರಡು ಸಲ ಅಂದರೆ ತಿಂಗಳಿಗೆ ಎಂಟು. ಎಂಟು ಸಲ ಹಚ್ಚಲು ತಿಂಗಳು ಯಾಕೆ? ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅವರು ಒಂದೇ ಒಂದು ಕಡತವನ್ನೂ ಬೇಗ ವಿಲೇವಾರಿ ಮಾಡಿದವರಲ್ಲ. ಆದರೆ ಸ್ವಂತ ಮುಖದ ಕಡತಕ್ಕೆ ಮಾತ್ರ 'ಅತಿ ಜರೂರು' ಎಂದು ಮೊಹರು ಬಿತ್ತು! ದಿನಕ್ಕೆ ಮೂರು ಸಲ. ಹತ್ತಿ ಟೋನರನ್ನೆಲ್ಲ ಕುಡಿದುಬಿಡುತ್ತದೆಂದು ಅಂಗೈಗೆ ಸುರಿದುಕೊಂಡು, ಎರಡೂ ಕೈಯಲ್ಲಿ ಗಸಗಸ ಉಜ್ಜಿದರು.

"ಉರಿಯಲ್ವಾ?" ಮುದ್ದಮ್ಮ ಕೇಳಿದರು.

"ಉರೀತದೆ. ಕೆಲಸ ಮಾಡ್ತಾ ಐತೆ ಅಂತ ಅರ್ಥ."

"ಮೆಣಸಿನಕಾಯಿ ಅರೆದು ಬಳ್ಕಂಡ್ರೂ ಅಂಗೇ ಕೆಲ್ಸ ಮಾಡ್ತದೆ ಕಣ್ರೀ. ಬ್ಯಾಡ, ಬುಟ್ಬುಡಿ."

ಬಿಡಲಿಲ್ಲ. ಗುರುವಾರ ಬೆಳಿಗ್ಗೆ ಮುಖ ತೊಳೆದು, ಮತ್ತೊಂದು ಸಲ ಉಜ್ಜಿಕೊಂಡು ಬಸ್ಸಿನ ಕಿಟಕಿ ಪಕ್ಕ ಕುಳಿತರು. ಮೇಲಿಂದ ಆಸಿಡ್ಡು, ಎದುರಿಂದ ಎಳೆಬಿಸಿಲು. ಸುತ್ತೂರು ಬರುವಷ್ಟರಲ್ಲಿ ಕೆನ್ನೆ ಕಾವಲಿಯಾಯಿತು. ಕಣ್ಣಿನ ರೆಪ್ಪೆ ಊದಿತು. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಒಮ್ಮೆ ತಿರುಗಿ ನೋಡಿದವಳೇ ಮಗುವನ್ನು ಎತ್ತಿಕೊಂಡು ಎದ್ದುಬಿಟ್ಟಳು.

"ಅಮ್ಮ ಆಗೈತಲ್ಲ ಸಾ ನಿಮ್ಗೆ! ಮನೇಲಿ ಬೇವಿನ ಸೊಪ್ಪಿನ ಮ್ಯಾಲೆ ಮನೀಕಳದು ಬುಟ್ಟು ಬಸ್ಸತ್ತಿದ್ದೀರಲ್ಲ!"

ಮಿಕ್ಕ ದಾರಿಯಲ್ಲಿ ಮೂರು ಜನರ ಸೀಟಿನಲ್ಲಿ ಚಲುವಯ್ಯನವರೊಬ್ಬರೇ ರಾಜರ ಹಾಗೆ ಪ್ರಯಾಣ ಮಾಡಿದರು. ಇಳಿದು ಹೋಟೆಲಿನ ಕನ್ನಡಿಯಲ್ಲಿ ನೋಡಿಕೊಂಡರು. ಮೂತಿ ಹೋಗಿ ಬಾಳೆಮೂತಿಯಾಗಿತ್ತು! ಬಾಳೆಹೂವಿನದೇ ಬಣ್ಣ, ಅದೇ ಊತ, ಮೇಲಿಂದ ಪದರ ಪದರವಾಗಿ ಸುಲಿಯುತ್ತಲೂ ಇತ್ತು.

ಕಚೇರಿಯಲ್ಲಿ ಯಂತ್ರದ ಮುಂದೆ ನಿಂತರು. ಒಳಗಿನ ಹೆಣ್ಣುದನಿ ಇಂಪಾಗಿ ಹೇಳಿತು: "ಮುಖ ಹೊಂದಾಣಿಕೆಯಾಗುತ್ತಿಲ್ಲ. ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ."

ಪ್ರಯತ್ನಿಸಿದರು. ಕನ್ನಡಕ ತೆಗೆದರು, ಹಾಕಿದರು. ನಕ್ಕರು, ಆದರೆ ನಗಲು ಚರ್ಮ ಒಪ್ಪಲಿಲ್ಲ. ಐದನೇ ಸಲಕ್ಕೆ ಯಂತ್ರ ಕುಯ್ಯೋ ಎಂದು ಕೂಗಿ ಬೀಗ ಹಾಕಿಕೊಂಡಿತು. ಹಿಂದೆ ನಿಂತಿದ್ದ ಹನ್ನೊಂದು ಜನರ ಹಾಜರಿಯೂ ಹೋಯಿತು! ಯಂತ್ರ ಅಷ್ಟಕ್ಕೇ ಸುಮ್ಮನಾಗದೆ ಮೈಸೂರಿಗೂ ಸಂದೇಶ ಕಳಿಸಿತು. ಹತ್ತು ನಿಮಿಷದಲ್ಲಿ ಅಲ್ಲಿಂದ ಫೋನು: "ಚಲುವಯ್ಯನ ಹೆಸರಲ್ಲಿ ಇನ್ಯಾರೋ ಹಾಜರಿ ಹಾಕ್ತಿದ್ದಾರಂತೆ? ಸಂಜೆಯೊಳಗೆ ವರದಿ ಕಳಿಸಿ. ನಿಜ ಆಗಿದ್ರೆ ಸಸ್ಪೆಂಡ್ ಮಾಡಿ."

ಕಚೇರಿಯ ಅಧಿಕಾರಿ ಪಲ್ಲವಿ ಮೇಡಂ ಅವರದು ಮೂವತ್ತರ ವಯಸ್ಸು, ನಿಯಮದಲ್ಲಿ ನೂರರ ನಿಷ್ಠೆ. ಒಳಗೆ ಕರೆಸಿ ಕೇಳಿದರು, "ನೀವೇ ಚಲುವಯ್ಯ ಅನ್ನೋದಕ್ಕೆ ದಾಖಲೆ?"

"ಮೇಡಂ, ನಿನ್ನೆ ತಾನೇ ನಿಮ್ಮ ಕೈಲಿ ಸೈನ್ ಹಾಕಿಸ್ಕೊಂಡೆ!"

"ನನಗೆ ಗೊತ್ತು ರೀ. ಆದ್ರೆ ಫೈಲಿಗೆ ಗೊತ್ತಾಗ್ಬೇಕಲ್ಲ?"

ಇದು ಚಲುವಯ್ಯನವರೇ ಇಪ್ಪತ್ತಾರು ವರ್ಷಗಳಿಂದ ಜನಕ್ಕೆ ಹೇಳುತ್ತ ಬಂದಿದ್ದ ಮಾತು! ಗುರುತಿನ ಚೀಟಿ ತೋರಿಸಿದರು. ಅದರಲ್ಲಿದ್ದವನಿಗೆ ತಲೆತುಂಬ ಕೂದಲಿತ್ತು. ಆಧಾರ್ ತೋರಿಸಿದರು. ಅದರ ಫೋಟೋ ಯಾರನ್ನು ತಾನೇ ಹೋಲುತ್ತದೆ? ಕಂಪ್ಯೂಟರ್ ಆಪರೇಟರ್ ಕೃಷ್ಣಕುಮಾರ್ ಹೆಬ್ಬೆಟ್ಟು ಒತ್ತಿಸಿದ. ಟೋನರಿನಲ್ಲಿ ನಾಲ್ಕು ದಿನ ಮಿಂದಿದ್ದ ಹೆಬ್ಬೆಟ್ಟೂ ಸುಲಿದು ನುಣ್ಣಗಾಗಿತ್ತು. "ಬೆರಳೂ ಇಲ್ಲ ಮೇಡಂ," ಎಂದ ಅವನು ಗಾಬರಿಯಿಂದ.

"ಹಾಗಾದ್ರೆ ಹೆಂಡತೀನ ಕರೆಸಿ. ಗುರುತಿಸಿ ಹೇಳಿಕೆ ಕೊಡಲಿ."

ಮುದ್ದಮ್ಮ ಬರುವವರೆಗೆ ಚಲುವಯ್ಯನವರು ಹೊರಗೆ ಸಾರ್ವಜನಿಕರ ಬೆಂಚಿನಲ್ಲಿ ಕುಳಿತರು. ಸರ್ವೀಸಿನಲ್ಲೇ ಮೊದಲ ಸಲ! ಬೆಂಚಿನ ಒಂದು ಕಾಲು ಗಿಡ್ಡ ಎಂಬುದು ಅವರಿಗೆ ಅಂದೇ ಗೊತ್ತಾದದ್ದು. ಪಕ್ಕದಲ್ಲಿ ಒಬ್ಬಳು ಮುದುಕಿ ಕುಳಿತಿದ್ದಳು.

"ನಿಮ್ದೇನು ಸಾ?"

"ನಾನು ನಾನೇ ಅಂತ ದಾಖಲೆ ತರ್ಬೇಕಂತೆ ಅಜ್ಜಿ."

"ನಂದೂ ಅದೇಯ! ಒಂದು ಕಾಗ್ದದಲ್ಲಿ ಗೋವಿಂದಮ್ಮ ಅಂತದೆ, ಇನ್ನೊಂದ್ರಲ್ಲಿ ಗೋವಿಂದಮ್ಮಣ್ಣಿ ಅಂತದೆ. ಮೂರು ತಿಂಗ್ಳಿಂದ ಎಲ್ಡೂ ನಾನೇಯ ಅಂತಿವ್ನಿ. ಒಳಗೆ ಒಬ್ಬ ಚಲುವಯ್ಯ ಅಂತವ್ನೆ, ಒಪ್ಪಕಿಲ್ಲ. ನೀವೂ ಅವನ ಕೈಗೇ ಸಿಕ್ಕಾಕಂಡ್ರಾ, ಪಾಪ?"

ಚಲುವಯ್ಯನವರ ಮುಖ ಇನ್ನೂ ಕೆಂಪಾಗಲು ಜಾಗವಿರಲಿಲ್ಲ. "ಹೂಂ ಅಜ್ಜಿ, ಅವನ ಕೈಗೇ," ಎಂದರು.

ಮಧ್ಯಾಹ್ನದ ಬಸ್ಸಿಗೆ ಮುದ್ದಮ್ಮ ಬಂದರು. ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವರು ನಿಮ್ಮ ಯಜಮಾನ್ರೇನಾ?" ಎಂದರು ಪಲ್ಲವಿ ಮೇಡಂ.

"ಮಖ ನೋಡಿದ್ರೆ ಏಳಕ್ಕಾಗಲ್ಲ ಮೇಡಮ್ಮೋರೆ. ವಸಿ ಮಾತಾಡ್ಸಿ, ನೋಡಾನ."

"ಲೇ, ಮಾನ ಕಳೀಬೇಡ ಕಣೇ!" ಎಂದು ಹಲ್ಲು ಕಚ್ಚಿದರು ಚಲುವಯ್ಯ. "ಊಟದ ಡಬ್ಬಿ ತಂದ್ಯಾ ಇಲ್ವಾ?"

"ಊಂ. ಇವ್ರೇ," ಎಂದು ಮುದ್ದಮ್ಮ ಸಹಿ ಹಾಕಿದರು.

ವರದಿ ಮೈಸೂರಿಗೆ ಹೋಯಿತು. ಸಸ್ಪೆನ್ಷನ್ ತಪ್ಪಿತು. ಊಟ ಮುಗಿಸಿದ ಚಲುವಯ್ಯನವರು ಮೊದಲು ಮಾಡಿದ ಕೆಲಸವೆಂದರೆ ಗೋವಿಂದಮ್ಮನ ಕಡತ ತೆಗೆದು ಎರಡೂ ಹೆಸರಿನವರು ಒಬ್ಬರೇ ಎಂದು ಬರೆದು, ಮೇಡಂ ಸಹಿಗೆ ಒಯ್ದದ್ದು. ಕೃಷ್ಣಕುಮಾರ್ ಅವರ ಮುಖವನ್ನು ಯಂತ್ರಕ್ಕೆ ಹೊಸದಾಗಿ ದಾಖಲು ಮಾಡಿದ. "ಇನ್ನು ತೊಂದ್ರೆ ಇಲ್ಲ ಸಾ. ವರ್ಷಕ್ಕೆ ಒಂದೇ ಸಲ ಬದಲಾಯಿಸೋಕೆ ಅವಕಾಶ, ಅದನ್ನ ಮಾಡಿಬಿಟ್ಟಿದ್ದೀನಿ," ಎಂದ.

ಮನೆಯಲ್ಲಿ ಮುದ್ದಮ್ಮ ದಿನಾ ಮುಖಕ್ಕೆ ಕೆನೆಮೊಸರು ಬಳಿದರು. ಬಯ್ಯುತ್ತಲೇ ಬಳಿದರು. ವಾರದಲ್ಲಿ ಊತ ಇಳಿಯಿತು, ಕೆಂಪು ಹೋಯಿತು, ಹಳೇ ಮುಖ ಹಳೇ ಜಾಗಕ್ಕೆ ಬಂತು. ಚಲುವಯ್ಯನವರು ಹಗುರಾಗಿ ಯಂತ್ರದ ಮುಂದೆ ನಿಂತರು.

"ಮುಖ ಹೊಂದಾಣಿಕೆಯಾಗುತ್ತಿಲ್ಲ."

ಅಯ್ಯೋ! ಯಂತ್ರದ ಪಾಲಿಗೆ ಈಗ ಆ ಕೆಂಡದಂಥ ಮುಖವೇ ಚಲುವಯ್ಯ! ಇನ್ನು ಹನ್ನೊಂದೂ ಮುಕ್ಕಾಲು ತಿಂಗಳು ಗತಿ ಏನು? ಕಂಗೆಟ್ಟು ಅಲ್ಲೇ ನಿಂತು ಹೆಂಡತಿಗೆ ಫೋನು ಹಚ್ಚಿದರು. ಸುದ್ದಿ ಕೇಳಿದ ಮುದ್ದಮ್ಮ ಟೋನರಿನಿಂದ ಶುರುಮಾಡಿ ಅವರ ಬುದ್ಧಿ, ಅವರ ವಂಶ, ಅವರ ಹಟ ಎಲ್ಲವನ್ನೂ ಎರಡೇ ನಿಮಿಷದಲ್ಲಿ ಮುಗಿಸಿದರು. ಚಲುವಯ್ಯನವರ ಕಿವಿಯಿಂದ ಹಣೆಯವರೆಗೆ ರಕ್ತ ನುಗ್ಗಿತು.

"ಧನ್ಯವಾದಗಳು, ಚಲುವಯ್ಯ," ಎಂದಿತು ಯಂತ್ರ.

ಅಂದಿನಿಂದ ಅದೇ ಪದ್ಧತಿ. ಹತ್ತಕ್ಕೆ ಐದು ನಿಮಿಷ ಇರುವಾಗ ಯಂತ್ರದ ಮುಂದೆ ನಿಂತು ಫೋನು ಮಾಡುವುದು, ಬಯ್ಗುಳ ತಿಂದು ಕೆಂಪಾಗುವುದು, ಹಾಜರಿ ಹಾಕುವುದು. ಮುದ್ದಮ್ಮನಿಗೂ ಇದು ಒಗ್ಗಿಹೋಯಿತು. ಬಯ್ಯಲೆಂದೇ ಒಬ್ಬರು ಸರಿಯಾದ ಟೈಮಿಗೆ ಫೋನು ಮಾಡುವ ಭಾಗ್ಯ ಎಷ್ಟು ಹೆಂಗಸರಿಗುಂಟು?

ಮೊನ್ನೆ ಸೋಮವಾರ ಮಾತ್ರ ಎಡವಟ್ಟಾಯಿತು. ಫೋನಿನ ಸ್ಪೀಕರ್ ಒತ್ತಿಹೋದದ್ದು ಚಲುವಯ್ಯನವರಿಗೆ ಗೊತ್ತಾಗಲಿಲ್ಲ. ಹಿಂದೆ ಸಾಲು ನಿಂತಿತ್ತು.

"ಬೇಗ ಬಯ್ಯೇ, ಟೈಮಾಯ್ತು."

"ಇವತ್ತು ಬಯ್ಯಕ್ಕೆ ಏನೂ ಸಿಕ್ತಿಲ್ಲ ಕಣ್ರೀ," ಎಂದರು ಮುದ್ದಮ್ಮ. ಅತ್ತ ಮಿಷನ್ನು ತುಳಿಯುವ ಸದ್ದು ನಿಂತಿತು. "ಕಳಲೇಲಿ ನಮ್ಮ ತೌರಿಗೆ ಹೆಣ್ಣು ನೋಡಕ್ಕೆ ಬಂದಾಗ ನಾನು ತಲೆ ಎತ್ತೇ ಇರ್ಲಿಲ್ಲ. ನಿಮ್ಮ ಕಾಲು ಒಂದೇ ನೋಡಿದ್ದು. ಕಾಲು ಚಂದಾಗಿದ್ವು, ಊಂ ಅಂದೆ. ಮಖಾನ ಆಮ್ಯಾಲೆ ನೋಡ್ದೆ. ಇಪ್ಪತ್ನಾಕು ವರ್ಷದಲ್ಲಿ ಅದ್ರ ಬಗ್ಗೆ ಒಂದಾದ್ರೂ ಕಂಪ್ಲೇಂಟು ಕೊಟ್ಟಿವ್ನಾ ನಾನು?"

ಇಡೀ ಸಾಲು ಚಲುವಯ್ಯನವರ ಕಾಲು ನೋಡಿತು. ಅವರು ನಾಚಿಕೊಂಡು ಯಂತ್ರದತ್ತ ಮುಖ ತಿರುಗಿಸಿದರು.

ಯಂತ್ರ ಒಂದು ಕ್ಷಣವೂ ತಡಮಾಡಲಿಲ್ಲ. "ಧನ್ಯವಾದಗಳು, ಚಲುವಯ್ಯ!"