ಹರಳಿನ ಮೇಲಿನ ಜಿಡ್ಡು

ಪಾತ್ರೆ ತೊಳೆಯುವ ಗಂಡಸರಲ್ಲಿ ಹೆಚ್ಚಿನವರು ಕಣ್ಣಿಗೆ ಚೊಕ್ಕಟವಾಗಿ ಕಂಡರೆ ಸಾಕು ಎನ್ನುವವರು. ನಾನೂ ಆ ಪೈಕಿಯೇ. ನನ್ನ ಹೆಂಡತಿ ಗಿರಿಜೆ ಹಾಗಲ್ಲ. ನಾನು ತೊಳೆದಿಟ್ಟ ಬಾಣಲೆಯೊಳಗೆ ಬೆರಳಾಡಿಸಿ, "ಜಿಡ್ಡು ಅಂಗೇ ಇದೆ ಕಣ್ರೀ" ಎಂದು ಮತ್ತೆ ನನ್ನ ಕೈಗೇ ಕೊಡುತ್ತಾಳೆ. ಇಂಥವನಿಗೆ ತೊಂಬತ್ತರ ದಶಕದಲ್ಲಿ ಪಿಎಚ್.ಡಿ.ಗೆಂದು ಸಿಕ್ಕ ಕೆಲಸ ಯಾವುದು ಅಂದುಕೊಂಡಿರಿ? ತೊಳೆಯುವುದೇ!

ಮಲೇರಿಯಾದ ಪರೋಪಜೀವಿ ನಮ್ಮ ರಕ್ತವನ್ನು ತಿಂದಮೇಲೆ ಮಿಗುವ ಚೂರು ಅದಕ್ಕೇ ವಿಷ. ಜಾಣ ಪ್ರಾಣಿ, ಆ ವಿಷವನ್ನು ಕಂದು ಬಣ್ಣದ ಸಣ್ಣ ಹರಳುಗಳಾಗಿ ಗಟ್ಟಿಮಾಡಿ ಹೊಟ್ಟೆಯಲ್ಲೇ ಇಟ್ಟುಕೊಂಡು ನೆಮ್ಮದಿಯಾಗಿರುತ್ತದೆ. ಆ ಹರಳಿನ ಮೈ ಬರಿದೋ, ಮೇಲೆ ಕೊಬ್ಬಿನ ಪದರವೇನಾದರೂ ಇದೆಯೋ ಎಂಬುದು ನನ್ನ ಪ್ರಶ್ನೆ. ಹರಳುಗಳನ್ನು ಗಾಜಿನ ಟ್ಯೂಬುಗಳಲ್ಲಿ ತೊಳೆದು ತೊಳೆದು, ಆ ತೊಳೆದ ನೀರಿನಲ್ಲಿ ಕೊಬ್ಬು ಇದೆಯೇ ಎಂದು ನೋಡಿದೆ. ಒಂದು ದಿನ ಕೊಬ್ಬು ಸಿಕ್ಕೇಬಿಟ್ಟಿತು! ಮೂರು ವರ್ಷದ ದುಡಿಮೆಗೆ ಕೊನೆಗೂ ಒಂದು ಅಧ್ಯಾಯ. ಕಾಲು ಕೆಜಿ ಜಹಾಂಗೀರ್ ಕಟ್ಟಿಸಿಕೊಂಡು ಮನೆಗೆಂದು ವಿದ್ಯಾರಣ್ಯಪುರಂ ಬಸ್ಸು ಹತ್ತಿದೆ.

ಗಿರಿಜೆ ಜಹಾಂಗೀರ್ ಮೆಲ್ಲುತ್ತ ಎಲ್ಲ ಕೇಳಿದಳು. "ಆ ಜಿಡ್ಡು ಹರಳಿಂದೇ ಅಂತ ಎಂಗೆ ಗೊತ್ತು? ಖಾಲಿ ಟ್ಯೂಬು ತೊಳೆದು ನೋಡಿದ್ರಾ?"

"ಖಾಲಿ ಟ್ಯೂಬಲ್ಲಿ ಏನಿರುತ್ತೆ ಕಣೇ?" ಎಂದು ನಕ್ಕೆ. ದಸರಾ ಹಬ್ಬಕ್ಕೆ ಮುಂಚೆ ಆ ಪರೀಕ್ಷೆಯನ್ನು ಮಾಡುತ್ತಿದ್ದೆ, ಏನೂ ಸಿಗುತ್ತಿರಲಿಲ್ಲ. ಹಬ್ಬ ಕಳೆದಮೇಲೆ ಸೋಮಾರಿತನದಿಂದ ಬಿಟ್ಟಿದ್ದೆ.

ಮರುದಿನ ನೋಡಿದರೆ ಖಾಲಿ ಟ್ಯೂಬಿನಲ್ಲೂ ಅಷ್ಟೇ ಕೊಬ್ಬು. ಲ್ಯಾಬಿನ ಅಟೆಂಡರ್ ಸಿದ್ದಣ್ಣನ ಮೇಲೆ ಹರಿಹಾಯ್ದೆ. ಆತ ತಣ್ಣಗೆ, "ಸಾರ್, ಆಯುಧಪೂಜೆ ದಿನ ಮಿಷನ್ನಿಗೆಲ್ಲ ಕೊಬ್ಬರಿ ಎಣ್ಣೆ ಒರೆಸಿದ್ದು ನೀವೇ ಅಲ್ವಾ? ನಾನು ವಿಭೂತಿ, ಕುಂಕುಮ ಇಟ್ಟೆ ಅಷ್ಟೇ. ಅದೇ ಬಟ್ಟೇಲಿ ಟ್ಯೂಬುಗಳನ್ನೂ ಒರೆಸ್ಬುಟ್ರಿ" ಎಂದ. ಹೌದು, ಹಬ್ಬದ ದಿನ ಲ್ಯಾಬೆಲ್ಲ ಫಳಫಳ ಹೊಳೆಯಬೇಕೆಂಬ ಭಕ್ತಿ ನನ್ನದೇ.

ಹೊಸ ಟ್ಯೂಬುಗಳಲ್ಲಿ ತೊಳೆದಾಗ ಹರಳಿನ ಮೈ ಚೊಕ್ಕಟವಾಗಿತ್ತು. ಅಧ್ಯಾಯ ತಲೆಕೆಳಗಾಯಿತು, ಆದರೆ ಸುಳ್ಳು ಅಚ್ಚಾಗುವುದು ತಪ್ಪಿತು. ನನ್ನ ಗೈಡ್ ಮೇಡಂ ಮೆಚ್ಚಿಕೊಂಡರು. ಮನೆಗೆ ಬಂದು ವರದಿ ಒಪ್ಪಿಸಿದೆ.

"ಖಾಲಿ ಟ್ಯೂಬನ್ನ ಮತ್ತೆ ತೊಳೆದು ನೋಡೋ ಯೋಚನೆ ಯಾರದು ಅಂತ ಕೇಳಲಿಲ್ವಾ?"

"ಕೇಳಿದ್ರು. ನಂದೇ ಅಂದೆ."

"ಎಣ್ಣೆ ಒರೆಸಿದ್ದು?"

"ಸಿದ್ದಣ್ಣ ಅಂದೆ."

ಗಿರಿಜೆ ಕೂಗಾಡಲಿಲ್ಲ. "ಪಾಪ, ಅವರ ಕೆಲಸಕ್ಕೆ ಕುತ್ತು ಬಂದ್ರೆ? ನಾಳೆ ಎರಡನ್ನೂ ಸರಿಮಾಡಿ ಬನ್ನಿ" ಎಂದಳಷ್ಟೆ. ತನ್ನ ಹೆಸರು ಹೋದದ್ದಕ್ಕಿಂತ ಸಿದ್ದಣ್ಣನ ಚಿಂತೆಯೇ ಅವಳಿಗೆ ದೊಡ್ಡದಾಗಿತ್ತು. ನನಗೆ ನಾಚಿಕೆಯಾಯಿತು, ಅವಳ ಮೇಲೆ ಪ್ರೀತಿಯೂ ಉಕ್ಕಿತು.

ಮರುದಿನ ಮೇಡಂ ಮುಂದೆ ನಿಂತು ಎಣ್ಣೆಯ ವಿಷಯ ಒಪ್ಪಿಕೊಂಡೆ. ಚೆನ್ನಾಗಿ ಬೈಸಿಕೊಂಡ ಮೇಲೆ ಇನ್ನೊಂದನ್ನು ಹೇಳುವ ಧೈರ್ಯ ಉಳಿಯಲಿಲ್ಲ. ಮನೆಯಲ್ಲಿ ಮಾತ್ರ "ಎರಡೂ ಆಯ್ತು" ಎಂದೆ. ಆ ಯೋಚನೆ ಗಿರಿಜೆಯದೇ ಎಂದು ಇಷ್ಟು ವರ್ಷಗಳ ಮೇಲೆ ಇಲ್ಲಿ ಬರೆದು ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದೇನೆ. ಮೇಡಂ ಕಲ್ಕತ್ತೆಯವರು, ಅವರಿಗೆ ಕನ್ನಡ ಓದಲು ಬರುವುದಿಲ್ಲ. ಗಿರಿಜೆಗೆ ಬರುತ್ತದೆ, ಈಗ ಭಯ ಅದೊಂದೇ.